ಆನ್‌ಲೈನ್ ಪ್ರೇಮ ವಂಚನೆ: ಬಗೆಗಳು ಮತ್ತು ರಕ್ಷಣೆ

ಪ್ರೀತಿ ಅಥವಾ ಮದುವೆಯ ಆಸೆ ಹುಟ್ಟಿಸಿ, ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಅಂತರ್ಜಾಲದ ಮೂಲಕ ಹಣ ಕೀಳುವ ಅಪರಾಧವೇ ಆನ್‌ಲೈನ್ ಪ್ರೇಮ ವಂಚನೆ. ವಂಚಕ ತೋರಿಸುವ ಹೆಸರು, ಭಾವಚಿತ್ರ, ಹುದ್ದೆ, ಊರು ಯಾವುದೂ ಅವನದಲ್ಲ. ಎಷ್ಟೋ ವೇಳೆ ‘ಅವನು’ ಒಬ್ಬ ವ್ಯಕ್ತಿಯೂ ಅಲ್ಲ, ಪಾಳಿಯ ಮೇಲೆ ಒಂದೇ ಖಾತೆಯಿಂದ ಮಾತಾಡುವ ನಾಲ್ಕಾರು ಜನರ ತಂಡ. ವಧೂವರರ ಅನ್ವೇಷಣೆಯ ಜಾಲತಾಣ, ಡೇಟಿಂಗ್ ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ತಪ್ಪು ನಂಬರಿನ ನೆಪದಲ್ಲಿ ಬರುವ ವಾಟ್ಸ್‌ಆ್ಯಪ್ ಸಂದೇಶ, ಹೀಗೆ ಪರಿಚಯ ಎಲ್ಲಿಂದಲಾದರೂ ಶುರುವಾಗಬಹುದು. ಒಟಿಪಿ ಕೇಳಿ ಖಾತೆ ಬರಿದು ಮಾಡುವ ಮೋಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಪ್ರೇಮ ವಂಚನೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆಗೆ ಹಣ ಕಳೆದುಕೊಳ್ಳುವವರು ತಾವೇ ಬ್ಯಾಂಕಿಗೆ ಹೋಗಿ, ಆರ್‌ಟಿಜಿಎಸ್ ಫಾರಂ ತುಂಬಿ, ಸಹಿ ಹಾಕಿ ಕಳಿಸುತ್ತಾರೆ. ಹೀಗಾಗಿಯೇ ಇದನ್ನು ತಡೆಯುವುದೂ ಕಷ್ಟ, ಆಮೇಲೆ ಹಣ ವಾಪಸ್ ಪಡೆಯುವುದೂ ಕಷ್ಟ.

ಹಿನ್ನೆಲೆ

ಮೋಸ ಹಳೆಯದು, ಸಾಧನ ಮಾತ್ರ ಹೊಸದು. ಸ್ಪೇನಿನ ಸೆರೆಮನೆಯಲ್ಲಿ ಒಬ್ಬ ಶ್ರೀಮಂತ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ನೆರವಾದರೆ ಆಸ್ತಿಯಲ್ಲಿ ಪಾಲು ಸಿಗುತ್ತದೆ ಎಂಬ ಕಾಗದಗಳು 19ನೇ ಶತಮಾನದಲ್ಲೇ ಯುರೋಪ್, ಅಮೆರಿಕಗಳಲ್ಲಿ ಓಡಾಡಿದ್ದವು. 1980ರ ದಶಕದಿಂದ ನೈಜೀರಿಯಾದಿಂದ ಅಂಥದೇ ಪತ್ರಗಳು, ಬಳಿಕ ಫ್ಯಾಕ್ಸ್, ಇಮೇಲ್‌ಗಳು ಹೊರಟವು. ಆ ದೇಶದ ದಂಡಸಂಹಿತೆಯಲ್ಲಿ ವಂಚನೆಗೆ ಸಂಬಂಧಿಸಿದ 419ನೇ ಕಲಮಿನಿಂದ ಇವಕ್ಕೆ ‘ಫೋರ್ ಒನ್ ನೈನ್’ ಎಂಬ ಹೆಸರು ಅಂಟಿಕೊಂಡಿತು. ಡೇಟಿಂಗ್ ತಾಣಗಳು ಬಂದ ಮೇಲೆ ಅದೇ ಕಸುಬು ಶ್ರೀಮಂತನ ಆಸ್ತಿಯ ಕಥೆ ಬಿಟ್ಟು ವಿಧುರ ವೈದ್ಯನ ಒಂಟಿತನದ ಕಥೆ ಹಿಡಿಯಿತು. ಕಾರಣ ಸರಳ: ದುರಾಸೆ ಇರುವವರಿಗಿಂತ ಒಂಟಿತನ ಇರುವವರು ಹೆಚ್ಚು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 2022ರ ಒಂದೇ ವರ್ಷದಲ್ಲಿ ಸುಮಾರು 70,000 ಜನ ಇಂಥ ದೂರು ಕೊಟ್ಟರು. ಅವರು ಹೇಳಿಕೊಂಡ ನಷ್ಟ 130 ಕೋಟಿ ಡಾಲರ್. ಇದು ಬಾಯಿಬಿಟ್ಟವರ ಲೆಕ್ಕ. ನಾಚಿಕೆಯಿಂದ ಸುಮ್ಮನಾದವರು ಯಾವ ಪಟ್ಟಿಯಲ್ಲೂ ಇಲ್ಲ.

ಒಂಟಿ ವಂಚಕರೂ ಉಂಟು. ಇಸ್ರೇಲಿನ ಸೈಮನ್ ಲೆವಿಯೆವ್ ತಾನು ವಜ್ರದ ವ್ಯಾಪಾರಿಯ ಮಗ ಎಂದು ಟಿಂಡರ್‌ನಲ್ಲಿ ಹೇಳಿಕೊಂಡು, ಒಬ್ಬಳಿಂದ ಪಡೆದ ಹಣದಲ್ಲಿ ಇನ್ನೊಬ್ಬಳ ಮುಂದೆ ಐಶ್ವರ್ಯ ಮೆರೆಯುತ್ತಿದ್ದ. 2022ರಲ್ಲಿ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದಿಂದ ಲೋಕಪ್ರಸಿದ್ಧನಾದ. ಆದರೆ ಈಗಿನ ವಂಚನೆಯ ಮುಖ್ಯ ಧಾರೆ ಇಂಥ ಷೋಕಿಲಾಲರದಲ್ಲ, ಕಾರ್ಖಾನೆಗಳದು.

ಕಾರ್ಖಾನೆಯಾದ ಪ್ರೇಮ

2024ರ ಡಿಸೆಂಬರಿನಲ್ಲಿ ನೈಜೀರಿಯಾದ ಆರ್ಥಿಕ ಅಪರಾಧ ಆಯೋಗ ಲಾಗೋಸ್‌ನ ಏಳು ಮಹಡಿಯ ಕಟ್ಟಡವೊಂದರ ಮೇಲೆ ದಾಳಿ ಮಾಡಿ 792 ಜನರನ್ನು ಹಿಡಿಯಿತು. ಅವರಲ್ಲಿ 148 ಮಂದಿ ಚೀನೀಯರು. ಕೆಲಸದ ಹಂಚಿಕೆ ಅಚ್ಚುಕಟ್ಟಾಗಿತ್ತು: ಸ್ಥಳೀಯ ಯುವಕ ಯುವತಿಯರು ಹಗಲೂ ರಾತ್ರಿ ಚಾಟ್ ಮಾಡಿ ಎದುರಿನವರ ವಿಶ್ವಾಸ ಗಳಿಸಬೇಕು, ವಿಶ್ವಾಸ ಕುದುರಿದ ಮೇಲೆ ಖಾತೆಯನ್ನು ವಿದೇಶಿ ಧಣಿಗಳು ಕೈಗೆತ್ತಿಕೊಂಡು ಹಣ ಕೀಳುತ್ತಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್ ಪೊಲೀಸರು 27 ಜನರ ತಂಡವೊಂದನ್ನು ಬಂಧಿಸಿದರು. ಡಿಜಿಟಲ್ ಮಾಧ್ಯಮ ಓದಿದ ಪದವೀಧರರೂ ಅದರಲ್ಲಿದ್ದರು. ಡೀಪ್‌ಫೇಕ್ ತಂತ್ರದಿಂದ ವಿಡಿಯೊ ಕರೆಯಲ್ಲೇ ಸುಂದರಿಯ ಮುಖ ತೊಟ್ಟು ತೈವಾನ್, ಸಿಂಗಪುರ, ಭಾರತದವರೆಗಿನ ಗಂಡಸರಿಂದ 4.6 ಕೋಟಿ ಡಾಲರಿಗೂ ಹೆಚ್ಚು ದೋಚಿದ್ದರೆಂಬುದು ಆರೋಪ. ಹೊಸಬರಿಗೆ ಕಲಿಸಲು ಅಲ್ಲಿ ಕೈಪಿಡಿಯೂ ಇತ್ತು.

ಎಲ್ಲಕ್ಕಿಂತ ಕರಾಳವಾದದ್ದು ಆಗ್ನೇಯ ಏಷ್ಯಾದ ಕಥೆ. ಮ್ಯಾನ್ಮಾರ್–ಥಾಯ್ಲೆಂಡ್ ಗಡಿಯ ಮ್ಯಾವಡ್ಡಿ ಪ್ರದೇಶದ ಕೆಕೆ ಪಾರ್ಕ್, ಕಾಂಬೋಡಿಯಾದ ಸಿಹಾನುಕ್‌ವಿಲ್, ಲಾವೋಸ್‌ನ ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ, ಇಲ್ಲೆಲ್ಲ ಎತ್ತರದ ಗೋಡೆಗಳ ಒಳಗೆ ವಂಚನೆಯೇ ಉದ್ಯೋಗವಾಗಿ ಬೆಳೆಯಿತು. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಕೆಲಸವೆಂದು ನಂಬಿಸಿ ಕರೆಸಿಕೊಂಡವರ ಪಾಸ್‌ಪೋರ್ಟ್ ಕಿತ್ತುಕೊಂಡು, ಗುರಿ ಮುಟ್ಟದಿದ್ದರೆ ಹೊಡೆದು ಬಡಿದು ದುಡಿಸಿಕೊಳ್ಳಲಾಗುತ್ತದೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ಕರೆತಂದಿತು. ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ?’ ಎಂದು ಕೇಳುವ ಆ ಬೆರಳುಗಳು ಎಷ್ಟೋ ಸಲ ಜೀತದಾಳಿನವು. ಇದರಿಂದ ಹಣ ಕಳೆದುಕೊಂಡವರ ಸಂಕಟವೇನೂ ಕಡಿಮೆಯಾಗುವುದಿಲ್ಲ. ಆದರೆ ‘ಅಷ್ಟು ಪ್ರೀತಿಯಿಂದ ಮಾತಾಡಿದವರು ಸುಳ್ಳಾಗಿರಲು ಸಾಧ್ಯವೇ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಡೆಯುವ ಬಗೆ

ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಮೋನಿಕಾ ವಿಟ್ಟಿ 2013ರಲ್ಲಿ ವಂಚನೆಯ ಹಂತಗಳನ್ನು ಗುರುತಿಸಿದರು. ಮೊದಲು ಆದರ್ಶ ಸಂಗಾತಿಯ ಚಿತ್ರ ಕಟ್ಟುವುದು, ಆಮೇಲೆ ನಿಧಾನವಾಗಿ ಪಳಗಿಸುವುದು, ಅನಂತರ ಹಣದ ಕುಣಿಕೆ. ಕೆಲವರಲ್ಲಿ ಕ್ಯಾಮೆರಾ ಮುಂದಿನ ಲೈಂಗಿಕ ಶೋಷಣೆ, ಕಡೆಗೆ ಗುಟ್ಟು ರಟ್ಟಾದ ಮೇಲೂ ಇನ್ನೊಂದು ವೇಷದಲ್ಲಿ ಬಂದು ಮತ್ತೆ ಸುಲಿಯುವುದು. ಭಾರತದಲ್ಲಿ ವರದಿಯಾಗುವ ಪ್ರಕರಣಗಳೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿವೆ.

ಮ್ಯಾಟ್ರಿಮೊನಿ ತಾಣದಲ್ಲಿ ಸಿಗುವ ‘ವರ’ ಸಾಮಾನ್ಯವಾಗಿ ಲಂಡನ್ ಅಥವಾ ಅಮೆರಿಕದಲ್ಲಿರುವ ವೈದ್ಯ, ಇಲ್ಲವೇ ಸಮುದ್ರದ ಮೇಲಿನ ತೈಲಬಾವಿಯ ಎಂಜಿನಿಯರ್. ಹೆಂಡತಿ ತೀರಿಕೊಂಡಿದ್ದಾಳೆ, ಒಬ್ಬಳು ಪುಟ್ಟ ಮಗಳಿದ್ದಾಳೆ. ಎರಡನೇ ದಿನಕ್ಕೇ ‘ಈ ಸೈಟ್ ಬೇಡ, ವಾಟ್ಸ್‌ಆ್ಯಪ್‌ಗೆ ಬನ್ನಿ’ ಎನ್ನುತ್ತಾನೆ. ತಾಣದವರ ನಿಗಾ ಅಲ್ಲಿಗೆ ತಪ್ಪಿತು. ಬೆಳಗಿನ ಶುಭಾಶಯದಿಂದ ರಾತ್ರಿಯ ಮಾತಿನವರೆಗೆ ದಿನವಿಡೀ ಸಂದೇಶ. ಮಗಳು ನಿಮ್ಮನ್ನು ಆಗಲೇ ಅಮ್ಮ ಎನ್ನುತ್ತಿದ್ದಾಳೆ. ಹಣದ ಮಾತು ಒಂದಿನಿತೂ ಇಲ್ಲ. ಇಲ್ಲದ್ದರಿಂದಲೇ ನಂಬಿಕೆ ಗಟ್ಟಿಯಾಗುತ್ತದೆ. ಒಂದು ದಿನ ಉಡುಗೊರೆ ಕಳಿಸಿದ್ದೇನೆಂದು ಫೋಟೊ ಬರುತ್ತದೆ: ಐಫೋನ್, ಲ್ಯಾಪ್‌ಟಾಪ್, ಚಿನ್ನದ ಸರ, ಸೆಂಟು, ಟೇಪ್ ಸುತ್ತಿದ ಪೆಟ್ಟಿಗೆ, ಕೊರಿಯರ್ ರಸೀದಿ. ರಸೀದಿಯಲ್ಲಿರುವ ನಂಬರನ್ನು ಅವರೇ ಕಟ್ಟಿದ ನಕಲಿ ವೆಬ್‌ಸೈಟಿನಲ್ಲಿ ಹಾಕಿದರೆ ಪೆಟ್ಟಿಗೆ ದೆಹಲಿ ಮುಟ್ಟಿರುವುದೂ ಕಾಣುತ್ತದೆ.

ಆಗ ಬರುವುದು ಆ ಕರೆ. ಇಂಗ್ಲಿಷ್ ಬೆರೆತ ಹಿಂದಿಯಲ್ಲಿ ಮಾತಾಡುವ ಹೆಂಗಸು, ಗಂಭೀರ ಧ್ವನಿ. ‘ಮೇಡಂ, ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ, ಕಸ್ಟಮ್ಸ್ ಕ್ಲಿಯರೆನ್ಸ್‌ಗೆ ಮೂವತ್ತೈದು ಸಾವಿರ ಕಟ್ಟಬೇಕು.’ ಕಟ್ಟಿದ ಮರುದಿನ ಇನ್ನೊಂದು ಕರೆ: ‘ಸ್ಕ್ಯಾನಿಂಗ್‌ನಲ್ಲಿ ಒಳಗೆ ಪೌಂಡ್ ನೋಟು ಕಂಡಿವೆ. ಇದು ಮನಿ ಲಾಂಡರಿಂಗ್ ಕೇಸ್ ಆಗುತ್ತದೆ. ಪೆನಾಲ್ಟಿ ಕಟ್ಟಿದರೆ ಸರ್ಟಿಫಿಕೇಟ್ ಕೊಡುತ್ತೇವೆ, ಇಲ್ಲದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ.’ ಅತ್ತ ಪ್ರಿಯಕರ, ‘ನಿನಗೆ ಸರ್‌ಪ್ರೈಸ್ ಕೊಡೋಣ ಅಂತ ಹಣ ಇಟ್ಟಿದ್ದೆ, ನೀನು ಹೇಗಾದರೂ ಬಿಡಿಸಿಕೋ, ಬಂದ ತಕ್ಷಣ ಎಲ್ಲ ನಿನ್ನದೇ’ ಎನ್ನುತ್ತಾನೆ. ಮೊದಲ ಕಂತು ಆಸೆಯಿಂದ ಹೋದರೆ ಎರಡನೆಯದು ಭಯದಿಂದ, ಮೂರನೆಯದು ಮೊದಲೆರಡು ಮುಳುಗಬಾರದೆಂಬ ಹಟದಿಂದ ಹೋಗುತ್ತದೆ. ಬಳಿಕ ರಿಸರ್ವ್ ಬ್ಯಾಂಕ್ ಹೆಸರಿನ ಇಮೇಲ್, ವಿದೇಶಿ ವಿನಿಮಯ ಶುಲ್ಕ, ಆದಾಯ ತೆರಿಗೆ ಕ್ಲಿಯರೆನ್ಸ್. ಸರಪಳಿಗೆ ಕೊನೆಯಿಲ್ಲ, ಸಾಲ ಹುಟ್ಟುವವರೆಗೆ ನಡೆಯುತ್ತದೆ.

ಇನ್ನೊಂದು ಬಗೆಯಲ್ಲಿ ಪ್ರೇಮಿ ಹಣವನ್ನೇ ಕೇಳುವುದಿಲ್ಲ, ಹಣ ಮಾಡುವುದನ್ನು ಕಲಿಸುತ್ತಾನೆ ಅಥವಾ ಕಲಿಸುತ್ತಾಳೆ. ಬೆಂಗಳೂರಿನಂಥ ಐಟಿ ನಗರಗಳ ಸಂಬಳದಾರರಿಗೆ ಹೆಚ್ಚು ಹೊಂದುವ ಬಲೆ ಇದು. ‘ನನ್ನ ಚಿಕ್ಕಪ್ಪ ಕ್ರಿಪ್ಟೊ ಟ್ರೇಡಿಂಗ್‌ನಲ್ಲಿ ಪಳಗಿದವರು, ಮದುವೆಗೆ ಮುಂಚೆ ಸ್ವಲ್ಪ ಸೇರಿಸೋಣ’ ಎಂಬಲ್ಲಿಂದ ಆರಂಭ. ಮೊದಲು ಹಾಕಿದ ಹತ್ತು ಸಾವಿರ ಹದಿಮೂರಾಗುತ್ತದೆ. ವಿತ್‌ಡ್ರಾ ಕೊಟ್ಟರೆ ನಿಜವಾಗಿಯೂ ಖಾತೆಗೆ ಬಂದು ಬೀಳುತ್ತದೆ. ಇಡೀ ವಂಚನೆಯಲ್ಲಿ ಅವರು ಮಾಡುವ ಖರ್ಚು ಇದೊಂದೇ. ಆಮೇಲೆ ಹಾಕಿದ ಲಕ್ಷಗಳು ಆ್ಯಪ್‌ನ ಪರದೆಯ ಮೇಲೆ ಕೋಟಿಯಾಗಿ ಕಾಣುತ್ತವೆ, ತೆಗೆಯಲು ಹೋದರೆ ‘ಮೊದಲು ಶೇಕಡಾ 30 ತೆರಿಗೆ ಕಟ್ಟಿ’ ಎಂಬ ಸಂದೇಶ ಬರುತ್ತದೆ. ಭಾರತದಲ್ಲಿ 2022ರಿಂದ ಕ್ರಿಪ್ಟೊ ಲಾಭಕ್ಕೆ ಶೇಕಡಾ 30 ತೆರಿಗೆ ಇರುವುದು ನಿಜ. ಆದ್ದರಿಂದಲೇ ಓದಿದವರೂ ನಂಬುತ್ತಾರೆ. ಆ ತೆರಿಗೆ ಹೋಗಬೇಕಾದ್ದು ಆದಾಯ ತೆರಿಗೆ ಇಲಾಖೆಗೆ, ಯಾವುದೋ ಆ್ಯಪ್ ಹೇಳಿದ ಖಾಸಗಿ ಖಾತೆಗಲ್ಲ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯುವುದಿಲ್ಲ. ಹಂದಿಯನ್ನು ಕೊಬ್ಬಿಸಿ ಕೊಯ್ಯುವುದು ಎಂದು ವಂಚಕರು ಈ ವಿಧಾನಕ್ಕೆ ಚೀನೀ ಭಾಷೆಯಲ್ಲಿ ಇಟ್ಟ ಹೆಸರು ಸಂತ್ರಸ್ತರನ್ನು ಅವಮಾನಿಸುತ್ತದೆ, ದೂರು ಕೊಡದಂತೆ ಮಾಡುತ್ತದೆ ಎಂದು 2024ರ ಡಿಸೆಂಬರಿನಲ್ಲಿ ಇಂಟರ್‌ಪೋಲ್ ಅದನ್ನು ಕೈಬಿಡುವಂತೆ ಕೇಳಿಕೊಂಡಿತು.

ಮೂರನೆಯದು ಪ್ರೇಮದ ಹೆಸರಿಗೂ ಲಾಯಕ್ಕಿಲ್ಲದ್ದು. ಅಪರಿಚಿತ ಯುವತಿಯ ವಿಡಿಯೊ ಕರೆ, ನಗ್ನ ದೃಶ್ಯ, ಸ್ಕ್ರೀನ್ ರೆಕಾರ್ಡಿಂಗ್, ಬೆನ್ನಿಗೇ ಬ್ಲ್ಯಾಕ್‌ಮೇಲ್. ನಂತರ ‘ಸಿಬಿಐ ಅಧಿಕಾರಿ’ಯೊಬ್ಬ ಫೋನ್ ಮಾಡಿ ವಿಡಿಯೊ ಅಳಿಸಲು ಹಣ ಕೇಳುವುದೂ ಇದೇ ನಾಟಕದ ಭಾಗ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಕೊಡುವ ಗಿರಾಕಿ ಎಂದು ಗೊತ್ತಾಗಿ ಹೆಚ್ಚುತ್ತದೆ.

ಯಾರು ಬೀಳುತ್ತಾರೆ

ಪೆದ್ದರು ಎಂಬುದು ಹೊರಗೆ ನಿಂತವರ ಸಮಾಧಾನ. ವಿಟ್ಟಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಸ ಹೋದವರಲ್ಲಿ ಮಧ್ಯವಯಸ್ಸಿನ, ಚೆನ್ನಾಗಿ ಓದಿದ ಹೆಂಗಸರೇ ಹೆಚ್ಚಾಗಿ ಕಂಡರು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಹಾರ್ಟ್‌ಲ್ಯಾಂಡ್ ಟ್ರೈಸ್ಟೇಟ್ ಬ್ಯಾಂಕಿನ ಮುಖ್ಯಸ್ಥ ಶಾನ್ ಹೇನ್ಸ್ ಇಂಥದೇ ಕ್ರಿಪ್ಟೊ ಬಲೆಯಲ್ಲಿ ಸಿಕ್ಕಿ, ಬ್ಯಾಂಕಿನ 4.7 ಕೋಟಿ ಡಾಲರ್ ತೆಗೆದು ವಂಚಕರಿಗೆ ಸುರಿದ; 2023ರ ಜುಲೈನಲ್ಲಿ ಬ್ಯಾಂಕೇ ಮುಳುಗಿತು, ಮರುವರ್ಷ ಅವನಿಗೆ 24 ವರ್ಷ ಸೆರೆವಾಸವಾಯಿತು. ದಿನಬೆಳಗಾದರೆ ಹಣದ ವ್ಯವಹಾರವನ್ನೇ ಮಾಡುವವನ ಪಾಡು ಇದು. ಹುಷಾರಿತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ವಂಚಕ ಬುದ್ಧಿಯ ಜೊತೆ ವ್ಯವಹರಿಸುವುದೇ ಇಲ್ಲ. ವಿಚ್ಛೇದನ, ವೈಧವ್ಯ, ವಯಸ್ಸು ಮೀರುತ್ತಿದೆಯೆಂಬ ಮನೆಯವರ ಒತ್ತಡ, ಪರದೇಶದ ಒಂಟಿ ಕೋಣೆ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಅವನಿಗೆ ಸಾಕು.

ರಕ್ಷಣೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇರುವ ನಾಡಿನಲ್ಲಿ ಸುಳ್ಳು ಹೊಸದಲ್ಲ. ಆದರೆ ಆ ಸುಳ್ಳಿಗೆ ಒಂದು ಮಿತಿಯಿತ್ತು. ಸಂಬಂಧ ತಂದವರು ಪರಿಚಿತರಾಗಿದ್ದರು, ನಾಳೆ ಮುಖ ತೋರಿಸಬೇಕಾದವರು. ಹುಡುಗನ ಊರಿಗೆ ಹೋಗಿ ಹೋಟೆಲಿನವನನ್ನು, ಶಾಲೆಯ ಮೇಷ್ಟರನ್ನು, ಪಕ್ಕದ ಬೀದಿಯವರನ್ನು ‘ಹೇಗೆ, ಏನು’ ಎಂದು ವಿಚಾರಿಸಿ ಬರುವ ಮಾವನೊಬ್ಬ ಪ್ರತಿ ಮನೆಯಲ್ಲೂ ಇರುತ್ತಿದ್ದ. ಜಾಲತಾಣ ಆಯ್ಕೆಯನ್ನು ಸಾವಿರಪಟ್ಟು ಮಾಡಿತು, ವಿಚಾರಿಸುವ ಮಾವನನ್ನು ಮಾತ್ರ ಮನೆಗೆ ಕಳಿಸಿತು. ಈಗಿನ ಎಲ್ಲ ಎಚ್ಚರಿಕೆಗಳೂ ಅವನ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುವ ಪ್ರಯತ್ನಗಳೇ.

ಮೊದಲನೆಯದಾಗಿ ಸಂಬಂಧವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸಬೇಕು. ಅಕ್ಕ, ಗೆಳತಿ, ಸಹೋದ್ಯೋಗಿ ಯಾರಾದರೂ ಸರಿ, ಚಾಟ್ ತೋರಿಸಿ ‘ನಿನಗೇನನ್ನಿಸುತ್ತದೆ’ ಎಂದು ಕೇಳಬೇಕು. ಮೋಹದಲ್ಲಿ ಇಲ್ಲದವರಿಗೆ ಒಂದೇ ನೋಟಕ್ಕೆ ಎಳೆಗಳು ಕಾಣುತ್ತವೆ. ವಂಚಕರಿಗೆ ಇದು ಗೊತ್ತು; ‘ಸದ್ಯಕ್ಕೆ ಯಾರಿಗೂ ಹೇಳಬೇಡ, ಕಣ್ಣು ಬೀಳುತ್ತದೆ’ ಎಂದು ಮೊದಲೇ ಬೇಲಿ ಹಾಕುತ್ತಾರೆ. ಗುಟ್ಟು ಕಾಪಾಡು ಎಂಬ ಒತ್ತಾಯ ನನ್ನ ದೃಷ್ಟಿಯಲ್ಲಿ ಹಣ ಕೇಳುವುದಕ್ಕಿಂತಲೂ ದೊಡ್ಡ ಸೂಚನೆ, ಏಕೆಂದರೆ ಅದು ಹಣಕ್ಕೂ ಮುಂಚೆ ಬರುತ್ತದೆ.

ಎರಡನೆಯದು ಹಣದ ಕಟ್ಟುಪಾಡು. ಎದುರುಬದುರು ಕೂತು ಮಾತಾಡದ ವ್ಯಕ್ತಿಗೆ, ಅವರು ಸಾಯುವ ಸ್ಥಿತಿಯಲ್ಲಿದ್ದೇನೆ ಎಂದರೂ, ಒಂದು ರೂಪಾಯಿ ಕಳಿಸುವುದಿಲ್ಲ ಎಂದು ಪ್ರೀತಿ ಹುಟ್ಟುವ ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು. ಆ ಘಳಿಗೆಯಲ್ಲಿ ಯೋಚಿಸಿ ನಿರ್ಧರಿಸುತ್ತೇನೆ ಎಂದರೆ ಆಗುವುದಿಲ್ಲ. ಆ ಘಳಿಗೆಯನ್ನು ಅವರು ಕಟ್ಟಿರುತ್ತಾರೆ. ಗಿಫ್ಟ್ ಕಾರ್ಡ್, ಕ್ರಿಪ್ಟೊ ಎಲ್ಲವೂ ಇದರೊಳಗೆ ಸೇರುತ್ತವೆ. ‘ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ನಾನು ಹೇಳಿದವರಿಗೆ ದಾಟಿಸು’ ಎಂಬುದಕ್ಕೂ ಒಪ್ಪಬಾರದು. ಹಾಗೆ ದಾಟಿಸಿದವರ ಖಾತೆಯನ್ನು ಪೊಲೀಸರು ಮ್ಯೂಲ್ ಖಾತೆ ಎನ್ನುತ್ತಾರೆ, ಪ್ರಕರಣದಲ್ಲಿ ಮೊದಲು ಸಿಕ್ಕಿಬೀಳುವವರು ಅವರೇ.

ಹಣ ಕಳಿಸುವ ಪರದೆಯಲ್ಲೇ ಒಂದು ಪರೀಕ್ಷೆ ಅಡಗಿದೆ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಪಡೆಯುವವರ ಹೆಸರು ಕಾಣುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ 2025ರ ಏಪ್ರಿಲ್ 1ರೊಳಗೆ ಹೆಸರು ಪರಿಶೀಲಿಸುವ ಸೌಲಭ್ಯ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ‘ಕಸ್ಟಮ್ಸ್ ಇಲಾಖೆ’ಗೆ ಕಟ್ಟುವ ಹಣ ಯಾವುದೋ ಟ್ರೇಡರ್ಸ್ ಅಥವಾ ಖಾಸಗಿ ವ್ಯಕ್ತಿಯ ಹೆಸರಿಗೆ ಹೋಗುತ್ತಿದ್ದರೆ ಅಲ್ಲಿಗೇ ಕೈ ನಿಲ್ಲಬೇಕು. ಕಸ್ಟಮ್ಸ್‌ನವರು ಫೋನ್ ಮಾಡಿ ಖಾಸಗಿ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವುದಿಲ್ಲ. ಅವರ ಪತ್ರಗಳಲ್ಲಿ ಡಿಐಎನ್ ಎಂಬ ದಾಖಲೆ ಸಂಖ್ಯೆ ಇರುತ್ತದೆ, ಅದನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ರಿಸರ್ವ್ ಬ್ಯಾಂಕ್ ಅಂತೂ ವ್ಯಕ್ತಿಗಳ ಉಳಿತಾಯ ಖಾತೆಯನ್ನೇ ಇಟ್ಟುಕೊಳ್ಳುವುದಿಲ್ಲ.

ವ್ಯಕ್ತಿಯ ವಿಚಾರಣೆಗೆ ಬಂದರೆ, ಪ್ರೊಫೈಲ್ ಫೋಟೊವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಹಾಕಿ ನೋಡುವುದು ಒಂದು ನಿಮಿಷದ ಕೆಲಸ. ಬೇರೆ ಹೆಸರಿನಲ್ಲಿ ಸಿಕ್ಕರೆ ಪ್ರಕರಣ ಮುಗಿಯಿತು. ಸಿಗಲಿಲ್ಲವೆಂದರೆ ಸಾಚಾ ಎಂದೇನೂ ಅರ್ಥವಲ್ಲ, ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಮುಖಕ್ಕೆ ಮೂಲವೇ ಇರುವುದಿಲ್ಲ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಿ ಉದ್ಯೋಗ ಖಚಿತಪಡಿಸಿಕೊಳ್ಳುವುದು ವ್ಯರ್ಥ. ಆಸ್ಪತ್ರೆಯ, ಕಂಪನಿಯ ನಂಬರನ್ನು ನಾವೇ ಹುಡುಕಿ ಕೇಳಬೇಕು. ಕರ್ನಾಟಕದ ಯಾವುದೋ ಕಾಲೇಜಿನಲ್ಲಿ ಓದಿದ್ದೇನೆ ಎಂದರೆ ಆ ವರ್ಷದ ಒಬ್ಬ ಸಹಪಾಠಿಯನ್ನು ಪತ್ತೆ ಹಚ್ಚುವುದು ನಮ್ಮಲ್ಲಿ ಕಷ್ಟವಲ್ಲ. ವಿಡಿಯೊ ಕರೆಯನ್ನೇ ಪ್ರಮಾಣವೆಂದು ಹಿಡಿಯುವ ಕಾಲ ಹಾಂಗ್‌ಕಾಂಗ್ ಪ್ರಕರಣದೊಂದಿಗೆ ಮುಗಿಯಿತು. ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ಕೈಯನ್ನು ಮುಖದ ಮುಂದೆ ಆಡಿಸಿ ಎಂದು ಕೇಳಿದರೆ ಕೆಲವು ನಕಲಿಗಳು ಕದಡುತ್ತವೆ, ಎಲ್ಲವೂ ಅಲ್ಲ. ಜನ ಓಡಾಡುವ ಜಾಗದಲ್ಲಿ, ಮನೆಯವರಿಗೆ ತಿಳಿಸಿ, ಮುಖತಃ ಭೇಟಿ ಮಾಡುವುದಕ್ಕೆ ಬದಲಿ ಇನ್ನೂ ಹುಟ್ಟಿಲ್ಲ. ಪ್ರತಿ ಭೇಟಿಗೂ ಮುನ್ನಾದಿನ ಅಪಘಾತ, ವೀಸಾ ತೊಂದರೆ, ಏರ್‌ಪೋರ್ಟಿನಲ್ಲಿ ಬಂಧನ ಸಂಭವಿಸುತ್ತಿದ್ದರೆ ಕಾರಣ ಹುಡುಕುತ್ತ ಕೂರಬೇಕಿಲ್ಲ.

ಜೀವನಾಂಶದ ಮೊತ್ತ, ನಿವೇಶನ, ಸಂಬಳ ಇವನ್ನು ಪ್ರೊಫೈಲಿನಲ್ಲಿ ಹಾಕುವುದು ಕಳ್ಳನಿಗೆ ಪಟ್ಟಿ ಬರೆದುಕೊಟ್ಟಂತೆ. ಖಾಸಗಿ ಚಿತ್ರ ಕಳಿಸದಿರುವುದು, ‘ಸಹಾಯ ಮಾಡುತ್ತೇನೆ’ ಎಂದವರು ಹೇಳಿದ ಸ್ಕ್ರೀನ್ ಶೇರಿಂಗ್ ಆ್ಯಪ್ ಹಾಕಿಕೊಳ್ಳದಿರುವುದು ಎಲ್ಲರೂ ಬಲ್ಲ ಮಾತು.

ಕಷ್ಟವಾದ ಸಂದರ್ಭ ಬೇರೆ. ವಂಚಕನ ಹಿಡಿತದಲ್ಲಿ ನಾವಲ್ಲ, ಅಪ್ಪನೋ ಚಿಕ್ಕಮ್ಮನೋ ಇದ್ದಾಗ ಏನು ಮಾಡುವುದು? ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮನೆಯವರು ನಮ್ಮ ಪ್ರೀತಿಯನ್ನು ಸಹಿಸುವುದಿಲ್ಲ ಎಂದು ಅತ್ತ ಕಡೆಯವರು ಮೊದಲೇ ಹೇಳಿಟ್ಟಿರುತ್ತಾರೆ, ಬೈಗುಳ ಆ ಭವಿಷ್ಯವನ್ನು ನಿಜ ಮಾಡುತ್ತದೆ. ಆಣೆ ಪ್ರಮಾಣಗಳಿಗಿಂತ ‘ಮುಂದಿನ ಸಲ ಹಣ ಕೇಳಿದಾಗ ಕಳಿಸುವ ಮುಂಚೆ ನನಗೊಂದು ಮಾತು ಹೇಳಿ, ಇಬ್ಬರೂ ಸೇರಿ ಬ್ಯಾಂಕ್ ಮ್ಯಾನೇಜರ್ ಹತ್ತಿರ ಕೇಳೋಣ’ ಎಂಬಷ್ಟಕ್ಕೆ ಒಪ್ಪಿಸಿದರೆ ದೊಡ್ಡದು.

ಮೋಸ ಹೋದ ಮೇಲೆ

ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದಡಿ 2021ರಲ್ಲಿ ಆರಂಭವಾದ ವ್ಯವಸ್ಥೆ ಇದು. ಹಣ ಯಾವ ಖಾತೆಗೆ ಹೋಯಿತು, ಎಷ್ಟು, ಯಾವಾಗ, ವಹಿವಾಟಿನ ಯುಟಿಆರ್ ಸಂಖ್ಯೆ ಏನು ಎಂದು ಕೇಳುತ್ತಾರೆ. ಯುಪಿಐ ಆದರೆ ಅದು 12 ಅಂಕಿಯದು, ಆ್ಯಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ. ದೂರು ಸಂಬಂಧಪಟ್ಟ ಬ್ಯಾಂಕಿಗೆ ಮುಟ್ಟಿದಾಗ ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯಲಾಗುತ್ತದೆ, ಮುಂದೆ ದಾಟಿದ್ದರೆ ದೂರು ಅದನ್ನು ಮುಂದಿನ ಬ್ಯಾಂಕಿನವರೆಗೆ ಬೆನ್ನಟ್ಟುತ್ತದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಹಾರಿಸುವ ವೇಗದಲ್ಲಿ ಗಂಟೆಗಳೇ ಲೆಕ್ಕಕ್ಕೆ ಬರುತ್ತವೆ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲೂ ದೂರು ದಾಖಲಿಸಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು; ಈಗ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ಚಾಟ್ ಅಳಿಸಬಾರದು, ‘ಪೊಲೀಸರಿಗೆ ಹೇಳುತ್ತೇನೆ’ ಎಂದು ವಂಚಕನಿಗೆ ಬೆದರಿಕೆಯನ್ನೂ ಹಾಕಬಾರದು. ಸಿಟ್ಟು ಸಹಜ, ಆದರೆ ಅದು ಅವನಿಗೆ ಹಣ ದಾಟಿಸಲು ಸಮಯ ಕೊಡುತ್ತದೆ.

ಕಾನೂನಿನಲ್ಲಿ ಕಲಮುಗಳಿಗೆ ಬರವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಸೋಗು ಹಾಕಿ ವಂಚಿಸಿದರೆ ಮೂರು ವರ್ಷದವರೆಗೆ ಸೆರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಸೋಗಿಗೆ 319, ಸುಲಿಗೆಗೆ 308ನೇ ಕಲಮುಗಳಿವೆ. ಹಣದ ವಿಷಯದಲ್ಲಿ ಮಾತ್ರ ರಕ್ಷಣೆ ತೆಳು. ಗ್ರಾಹಕರಿಗೆ ಗೊತ್ತಿಲ್ಲದೆ, ಅವರ ತಪ್ಪಿಲ್ಲದೆ ನಡೆದ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವರ ಮೇಲೆ ಬೀಳದಂತೆ ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ನಿಯಮ ಮಾಡಿತು. ಪ್ರೇಮಿಗೆಂದು ತಾವೇ ಕಳಿಸಿದ ಹಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಬ್ರಿಟನ್ ಈ ಗೋಡೆಯನ್ನು ಒಡೆದಿದೆ. ಅಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ನಷ್ಟವನ್ನು 85,000 ಪೌಂಡಿನವರೆಗೆ ಹಣ ಕಳಿಸಿದ ಮತ್ತು ಪಡೆದ ಸಂಸ್ಥೆಗಳು ಅರ್ಧರ್ಧ ಹೊತ್ತು ತುಂಬಿಕೊಡಬೇಕು. ಮ್ಯೂಲ್ ಖಾತೆ ತೆರೆಯಲು ಬಿಟ್ಟ ಬ್ಯಾಂಕಿಗೂ ಬಿಸಿ ಮುಟ್ಟಿಸುವ ಈ ಕ್ರಮ ನಮ್ಮಲ್ಲೂ ಚರ್ಚೆಗೆ ಬರಬೇಕಾದದ್ದು.

ಖಾಸಗಿ ಚಿತ್ರಗಳ ಬೆದರಿಕೆ ಇದ್ದಲ್ಲಿ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯುಂಟು. ಚಿತ್ರವನ್ನು ಯಾರಿಗೂ ಕಳಿಸದೆ ನಮ್ಮ ಫೋನಿನಲ್ಲೇ ಅದರ ಡಿಜಿಟಲ್ ಗುರುತು ತಯಾರಿಸಿ, ಸೇವೆಗೆ ಸೇರಿದ ಜಾಲತಾಣಗಳಲ್ಲಿ ಆ ಚಿತ್ರ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಮೋಸ ಹೋದವರಿಗೆ ಎರಡು ನಷ್ಟ ಎಂದು ವಿಟ್ಟಿ ಮತ್ತು ಅವರ ಸಹೋದ್ಯೋಗಿ ಗುರುತಿಸಿದ್ದಾರೆ: ಹಣ ಹೋಗುವುದು ಒಂದು, ಪ್ರೀತಿಸಿದ ವ್ಯಕ್ತಿ ಇರಲೇ ಇಲ್ಲವೆಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಸುತ್ತಲಿನವರ ಸಹಾನುಭೂತಿ ಸಿಗುವುದು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಈ ದಿನಗಳಲ್ಲೇ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ’ ಎಂದು ವಕೀಲ, ಹ್ಯಾಕರ್, ಸೈಬರ್ ಅಧಿಕಾರಿಯ ವೇಷದಲ್ಲಿ ಕರೆಗಳು ಬರುತ್ತವೆ. ಮುಂಗಡ ಶುಲ್ಕ ಕೇಳುವ ಇಂಥವರು ಬಹಳ ಸಲ ಹಳೆಯ ತಂಡದವರೇ, ಇಲ್ಲವೇ ಅವರಿಂದ ಸಂತ್ರಸ್ತರ ಪಟ್ಟಿ ಕೊಂಡವರು.